ಹಿಂದಕ್ಕೆ ಕಾಲು ಸುತ್ತು

ನನ್ನ ಕಟಿಂಗ್ ಟೇಬಲ್ಲಿನ ಮೇಲೆ ಜೀನ್ಸ್ ಬಟ್ಟೆಯ ಮಡಿಕೆಗಳು ಜರುಗದಂತೆ ಅದುಮಿಡಲು ಒಂದು ಹಳೆಯ ಬೇರಿಂಗ್ ಇದೆ. ಅಂಗೈ ತುಂಬುವಷ್ಟು ಅಗಲ, ಎತ್ತಿಕೊಂಡರೆ ಗಾತ್ರಕ್ಕೆ ಮೀರಿದ ತೂಕ. ಬಂದವರು ಸುಮ್ಮನೆ ಕೂರಲಾರದೆ ಅದನ್ನು ತೆಗೆದು ಬೆರಳಿನಿಂದ ತಿರುಗಿಸುತ್ತಾರೆ, ಅದು ಗರಗರ ಎನ್ನುತ್ತದೆ. ಹೊಲಿಗೆ ಮಷಿನ್ನಿನದಾ ಎಂದು ಕೇಳುತ್ತಾರೆ. ಅಲ್ಲ, ಕಾರಿನ ಮುಂದಿನ ಚಕ್ರದ್ದು, ನಾನೇ ಬಿಚ್ಚಿ ತೆಗೆದದ್ದು ಎಂದರೆ ಒಮ್ಮೆ ಬೇರಿಂಗನ್ನು ನೋಡುತ್ತಾರೆ, ಒಮ್ಮೆ ನನ್ನ ಸೀರೆಯನ್ನು ನೋಡುತ್ತಾರೆ. ಹಾಗೆ ನೋಡಿಸಿಕೊಳ್ಳುವುದು ನನಗೆ ಬಹಳ ಇಷ್ಟ. ಅದಕ್ಕೇ ಅದನ್ನು ಗುಜರಿಗೆ ಹಾಕದೆ ಇಟ್ಟುಕೊಂಡಿದ್ದೇನೆ. ಬಟ್ಟೆ ಅದುಮಲು ಒಂದು ಕಲ್ಲು ಸಾಕಾಗುತ್ತಿತ್ತು, ಬಳ್ಳಾರಿಯಲ್ಲಿ ಕಲ್ಲಿಗೇನೂ ಕೊರತೆಯಿಲ್ಲ.

ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನನ್ನದೊಂದು ಸಣ್ಣ ಜೀನ್ಸ್ ಹೊಲಿಗೆಯ ಉದ್ಯೋಗವಿದೆ. ಹೊಲಿದ ಪ್ಯಾಂಟುಗಳ ದಾರ ಕತ್ತರಿಸಿ ಗುಂಡಿ ಹಚ್ಚುವ ಕೆಲಸವನ್ನು ಕುರುಗೋಡು, ಬಾದನಹಟ್ಟಿಯ ಹೆಂಗಸರು ತಮ್ಮ ಮನೆಯಲ್ಲೇ ಕೂತು ಮಾಡಿಕೊಡುತ್ತಾರೆ. ಗಂಟು ಕಟ್ಟಿ ಒಯ್ಯುವವಳೂ ನಾನೇ, ತರುವವಳೂ ನಾನೇ. ನನ್ನ ಕಾರಿಗೆ ಹಿಂದಿನ ಸೀಟು ಇದೆ ಎಂಬುದನ್ನು ನಾನೇ ಮರೆತಿದ್ದೇನೆ, ಅಲ್ಲಿ ಯಾವಾಗಲೂ ಪ್ಯಾಂಟುಗಳೇ ಕೂತಿರುತ್ತವೆ. ಈ ಭಾರ ಹೊತ್ತುಕೊಂಡು ಎರೆಮಣ್ಣಿನ ಮೇಲೆ ಹಾಸಿದ ನಮ್ಮ ಡಾಂಬರು ರಸ್ತೆಯಲ್ಲಿ ಓಡುವುದೆಂದರೆ ಯಾವ ಚಕ್ರಕ್ಕಾದರೂ ಆಯುಷ್ಯ ಕಡಿಮೆಯೇ. ಕಪ್ಪು ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ, ಅದರ ಮೇಲಿನ ಡಾಂಬರು ಅಲೆ ಅಲೆಯಾಗಿ ಏಳುತ್ತದೆ, ಆ ಅಲೆಗಳನ್ನು ಭತ್ತದ ಲಾರಿಗಳು ಇನ್ನಷ್ಟು ಎತ್ತರ ಮಾಡುತ್ತವೆ.

ಸದ್ದು ಶುರುವಾದದ್ದು ಕುರುಗೋಡಿನಿಂದ ಬರುವಾಗ. ಯಾರೋ ಬಾಯಿ ಮುಚ್ಚಿಕೊಂಡು ಹಾಡು ಗುನುಗಿದಂತೆ ಕೆಳಗಿನಿಂದ ಒಂದು ಹೂಂಕಾರ. ವೇಗ ಹೆಚ್ಚಿಸಿದರೆ ಅದೂ ಹೆಚ್ಚುತ್ತಿತ್ತು. ನಮ್ಮವರು ಕೋರ್ಟಿನಲ್ಲಿ ಗುಮಾಸ್ತರು. ಪಕ್ಕದಲ್ಲಿ ಕೂತಿದ್ದ ಅವರು ರೇಡಿಯೋ ಜೋರು ಮಾಡಿದರು. ಈಗ ಕೇಳುವುದಿಲ್ಲ ನೋಡು ಎಂದರು. ಅವರ ಸಂಸಾರದ ಸಿದ್ಧಾಂತವೇ ಅದು. ಮನೆಯಲ್ಲಿ ನಲ್ಲಿ ಸೋರಿದರೆ ಕೆಳಗೊಂದು ಬಕೆಟ್ ಇಟ್ಟು ಬಾಗಿಲು ಮುಂದೆ ಮಾಡಿ ಬರುತ್ತಾರೆ. ಒಳ್ಳೆಯ ಮನುಷ್ಯ, ಸದ್ದು ಮಾಡುವ ವಸ್ತುಗಳ ಜೊತೆ ಜಗಳವಾಡುವುದಿಲ್ಲ ಅಷ್ಟೆ.

ನಾನು ಹಾಗಲ್ಲ, ನಾನು ಸಿರುಗುಪ್ಪದ ಉಸ್ತಾದನ ಮಗಳು. ಸಿರುಗುಪ್ಪದಲ್ಲಿ ಕಾಲುವೆ ರಸ್ತೆಯ ಪಕ್ಕ ಅಪ್ಪನದು ಟ್ರ್ಯಾಕ್ಟರ್ ಮತ್ತು ಟ್ರಾಲಿ ರಿಪೇರಿಯ ಶೆಡ್ಡು. ಉಸ್ತಾದ್ ಎಂಬುದು ಊರು ಕೊಟ್ಟ ಹೆಸರು, ಅಪ್ಪನ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಇದೆ. ನಾಟಿಯ ಕಾಲದಲ್ಲಿ ಗದ್ದೆಗಳಲ್ಲಿ ಟ್ರ್ಯಾಕ್ಟರುಗಳು ಓಡಾಡುತ್ತಿದ್ದರೆ ಅಪ್ಪ ಶೆಡ್ಡಿನಲ್ಲಿ ಕೂತೇ, ಅದು ಇಂಥವರದು, ಅದರ ಕ್ಲಚ್ಚು ನಾಳೆ ನಾಡಿದ್ದರಲ್ಲಿ ಹೋಗುತ್ತದೆ ಎನ್ನುತ್ತಿದ್ದ. ಹೋಗುತ್ತಿತ್ತು. ಕೆಲಸ ಮಾಡುವಾಗ ನಮ್ಮ ಜೊತೆ ಕನ್ನಡ, ಗಿರಾಕಿಗಳ ಜೊತೆ ಅವರವರ ಭಾಷೆ, ತುಕ್ಕು ಹಿಡಿದ ನಟ್ಟುಗಳ ಜೊತೆ ಮಾತ್ರ ತೆಲುಗು. ತೆಲುಗಿನಲ್ಲಿ ಬೈದರೆ ನಟ್ಟು ಬೇಗ ಬಿಚ್ಚಿಕೊಳ್ಳುತ್ತದೆಂಬುದು ಅವನ ನಂಬಿಕೆ. ನಾನೂ ಪರೀಕ್ಷೆ ಮಾಡಿದ್ದೇನೆ, ಸುಳ್ಳಲ್ಲ.

ಹಾಗಾಗಿ ಸದ್ದು ಬಂದ ಮರುದಿನ ಕಾರನ್ನು ನಿಧಾನವಾಗಿ ಓಡಿಸುತ್ತ, ಸ್ಪೀಕರ್ ಹಾಕಿದ ಫೋನನ್ನು ಪಕ್ಕದ ಸೀಟಿನ ಕೆಳಗೆ ಇಟ್ಟು ಅಪ್ಪನಿಗೆ ಕೇಳಿಸಿದೆ. ಬಲಕ್ಕೆ ತಿರುಗಿಸು ಅಂದ, ತಿರುಗಿಸಿದೆ. ಸದ್ದು ಜೋರಾಯಿತು. ಎಡಕ್ಕೆ ಅಂದ. ಸದ್ದು ತಗ್ಗಿತು. ಬಲಕ್ಕೆ ತಿರುಗಿದಾಗ ಭಾರವೆಲ್ಲ ಎಡಗಾಲಿನ ಮೇಲೆ ಬೀಳುತ್ತದೆ, ನೋವಿದ್ದವರು ಭಾರ ಬಿದ್ದಾಗಲೇ ಕೂಗುತ್ತಾರೆ ಎಂದು ವಿವರಿಸಿದ.

"ಎಡಗಡಿ ಮುಂದಿನ ಬೇರಿಂಗ್ ಹೋಗೈತಿ," ಅಂದ. "ಇನ್ನೇನೂ ಇಲ್ಲ."

ಆ ಮಾತಿನಲ್ಲಿದ್ದ ಖುಷಿ ನನಗೆ ಫೋನಿನಲ್ಲೇ ಕೇಳಿಸಿತು. ಬಹಳ ದಿನಗಳಿಂದ ಕೇಳಿಸಿರಲಿಲ್ಲ. ಅಪ್ಪ ಹಿಂದಿನ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಲ ಮಣಿಕಟ್ಟು ಮುರಿದುಕೊಂಡಿದ್ದ. ಮೂಳೆ ಕೂಡಿತು, ಸ್ವಲ್ಪ ಸೊಟ್ಟಗೆ ಕೂಡಿತು. ಹಿಡಿತ ಮಾತ್ರ ಹಿಂದಿರುಗಲಿಲ್ಲ. ಲೋಟ ಹಿಡಿಯುತ್ತಾನೆ, ನಟ್ಟು ತಿರುವುವ ಪಾನಾ ಹಿಡಿದು ಜಗ್ಗಿದರೆ ಕೈ ಜಾರುತ್ತದೆ. ಶೆಡ್ಡನ್ನು ಈಗ ಅಣ್ಣ ನೋಡಿಕೊಳ್ಳುತ್ತಾನೆ. ಅಣ್ಣನಿಗೆ ಅಪ್ಪನೆಂದರೆ ಪ್ರಾಣ, ತೊಂದರೆ ಇರುವುದೇ ಅಲ್ಲಿ. ಅಪ್ಪ ಸುತ್ತಿಗೆ ಎತ್ತಿದರೆ ಓಡಿಬಂದು ಇಸಿದುಕೊಳ್ಳುತ್ತಾನೆ. ಟ್ರ್ಯಾಕ್ಟರಿನ ಕೀಲಿಯನ್ನು ಮೊಳೆಯಿಂದ ತೆಗೆದು ತನ್ನ ಜೇಬಿಗೆ ಹಾಕಿಕೊಂಡಿದ್ದಾನೆ, ಎಲ್ಲಿ ಅಪ್ಪ ಹತ್ತಿ ಹೊಡೆದುಬಿಡುತ್ತಾನೋ ಎಂದು. ಅಪ್ಪ ಏನಾದರೂ ಸಲಹೆ ಕೊಟ್ಟರೆ 'ಹೂಂ ಅಪ್ಪಾ, ಹಂಗೇ ಮಾಡ್ತೀನಿ' ಎನ್ನುತ್ತಾನೆ, ಆಮೇಲೆ ತನಗೆ ಸರಿ ಕಂಡಂತೆ ಮಾಡುತ್ತಾನೆ. ಶೆಡ್ಡಿನ ಬಾಗಿಲಲ್ಲಿ ಅಪ್ಪನಿಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದಾರೆ. ನಿಮ್ಮಪ್ಪ ಯಾಕೋ ಮಾತು ಕಮ್ಮಿ ಮಾಡ್ಯಾರ ಎಂದು ಅವ್ವ ಫೋನಿನಲ್ಲಿ ಎರಡು ಮೂರು ಸಲ ಹೇಳಿದ್ದಳು.

ನಮ್ಮ ಓಣಿಯ ತಿರುವಿನಲ್ಲೇ ಗ್ಯಾರೇಜು ಇದೆ. ಅಲ್ಲಿ ಬೇರಿಂಗ್ ಒತ್ತಿ ಕೂರಿಸುವ ಪ್ರೆಸ್ ಮಷಿನ್ನಿಟ್ಟುಕೊಂಡಿದ್ದಾರೆ, ಮಧ್ಯಾಹ್ನದೊಳಗೆ ಮಾಡಿ ಕೊಡುತ್ತಿದ್ದರು. ಆದರೆ ನಾನು, ಕೆಲಸ ಮನೆಯಲ್ಲೇ ಆಗಬೇಕು, ಉಸ್ತಾದ್ ಬಂದು ನಿಂತು ಮಾಡಿಸಬೇಕು ಎಂದು ಹಟ ಹಿಡಿದೆ. ಬೇರಿಂಗ್ ಒಂದು ನೆಪ. ಅಪ್ಪನ ಕೈಗೆ ಮತ್ತೆ ಗ್ರೀಸು ಹತ್ತಬೇಕು, ಅವನು ಮತ್ತೆ ಯಾರನ್ನಾದರೂ ಬೈಯಬೇಕು. ಬೈಸಿಕೊಳ್ಳಲು ನನಗಿಂತ ಒಳ್ಳೆಯ ಅಭ್ಯರ್ಥಿ ಜಿಲ್ಲೆಯಲ್ಲಿ ಇರಲಿಲ್ಲ.

ಇಲ್ಲಿ ಅಪ್ಪನ ಕಾಲು ಸುತ್ತಿನ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಟ್ರಾಲಿಯ ಚಕ್ರಕ್ಕೆ ಬೇರಿಂಗ್ ಹಾಕಿದಾಗ ಕೊನೆಯ ನಟ್ಟನ್ನು ಚಕ್ರ ತಿರುಗಲಾರದಷ್ಟು ಬಿಗಿಯಬೇಕು. ಬಿಗಿದ ಮೇಲೆ ಕಾಲು ಸುತ್ತು ಹಿಂದಕ್ಕೆ ಬಿಡಬೇಕು. ಆಗ ಚಕ್ರ ಅಲ್ಲಾಡುವುದೂ ಇಲ್ಲ, ಬಿಸಿಯಾಗಿ ಹಿಡಿದುಕೊಳ್ಳುವುದೂ ಇಲ್ಲ. ಸಿರುಗುಪ್ಪ, ಕುರುಗೋಡಿನ ಟ್ರಾಲಿಗಳೆಲ್ಲ ಈ ಕಾಲು ಸುತ್ತಿನ ಮೇಲೆ ಭತ್ತ ಹೊರುತ್ತವೆ. ಅಪ್ಪ ಇದನ್ನು ನಟ್ಟಿಗೆ ಮಾತ್ರ ಬಿಡಲಿಲ್ಲ, ಕಣ್ಣಿಗೆ ಬಿದ್ದ ಎಲ್ಲದಕ್ಕೂ ಹಚ್ಚಿದ. ಮಂಚಕ್ಕೆ ನವಾರ ಬಿಗಿದರೆ ಕೊನೆಯಲ್ಲಿ ಒಂದು ಚೂರು ಸಡಿಲ ಬಿಡುತ್ತಿದ್ದ. ಉಪ್ಪಿನಕಾಯಿ ಭರಣಿಯ ಮುಚ್ಚಳಕ್ಕೂ ಅದೇ, ಅದರಿಂದ ಉಪ್ಪಿನಕಾಯಿಗೆ ಬೂಸ್ಟು ಬಂದರೂ ಬಿಡಲಿಲ್ಲ. ಅವ್ವ ಊರಿಗೆ ಹೋದಾಗ ನನ್ನ ಜಡೆ ಹಾಕುವ ಕೆಲಸ ಅವನದು. ಟ್ರ್ಯಾಕ್ಟರಿನ ಹಗ್ಗ ಹೊಸೆದಂತೆ ಬಿಗಿದು, ರಿಬ್ಬನ್ನು ಕಟ್ಟಿ, ತುದಿಯನ್ನು ಹಿಂದಕ್ಕೆ ತಿರುವುತ್ತಿದ್ದ. ಶಾಲೆಗೆ ಹೋಗುವಷ್ಟರಲ್ಲಿ ಜಡೆ ಬಿಚ್ಚಿಕೊಂಡು ರಿಬ್ಬನ್ನು ನನ್ನ ಕೈಯಲ್ಲಿರುತ್ತಿತ್ತು.

ನನ್ನ ಮದುವೆಯಲ್ಲಿ ಅಪ್ಪ ಅಳಿಯನನ್ನು ಪೆಂಡಾಲಿನ ಪಕ್ಕಕ್ಕೆ ಕರೆದು, "ಅಳಿಯಾರ, ಬಿಗಿಯಾಗಿ ಹಿಡೀರಿ, ಆಮ್ಯಾಲೆ ಕಾಲು ಸುತ್ತು ಹಿಂದಕ್ಕ ಬಿಡ್ರಿ," ಎಂದು ಉಪದೇಶ ಮಾಡಿದ್ದನಂತೆ. ಕೋರ್ಟಿನ ಗುಮಾಸ್ತರಿಗೆ ಟ್ರಾಲಿಯ ವಿಷಯ ಹೇಗೆ ಗೊತ್ತಿರಬೇಕು? ತಲೆಗೆ ಸುತ್ತಿದ್ದ ರುಮಾಲಿನ ಮಾತೆಂದು ತಿಳಿದು, ಹಿರಿಯರ ಮಾತು ಮೀರಬಾರದೆಂದು ಅದನ್ನು ಸಡಿಲಿಸಿಕೊಂಡರು. ಅಕ್ಷತೆ ಬೀಳುವ ಹೊತ್ತಿಗೆ ರುಮಾಲು ಕಣ್ಣಿಗೆ ಇಳಿದಿತ್ತು. ನಮ್ಮ ಮದುವೆಯ ಫೋಟೋದಲ್ಲಿ ಗಂಡಿಗೆ ಮೂಗು, ಮೀಸೆ ಮಾತ್ರ ಇವೆ. ಆದರೆ ಆ ಮಾತಿನ ಅರ್ಥ ಅವರಿಗೆ ನಿಧಾನವಾಗಿಯಾದರೂ ತಿಳಿದಿದೆ ಎನ್ನಬೇಕು. ನಾನು ಹೊಲಿಗೆ ಉದ್ಯೋಗ ಮಾಡುತ್ತೇನೆಂದಾಗ ಅವರ ಕಡೆಯವರೆಲ್ಲ ಬೇಡವೆಂದರು, ಇವರು ಶೆಡ್ಡಿಗೆ ತಗಡು ಹೊದಿಸಿಕೊಟ್ಟರು. ನನಗೂ ಕಾಲು ಸುತ್ತು ಅನ್ನ ಕೊಟ್ಟಿದೆ. ಹೊಲಿಗೆ ಮಷಿನ್ನಿನ ದಾರದ ಬಿಗಿತ ಕೂಡಿಸುವಾಗ ನಾನು ಮಾಡುವುದೂ ಅದನ್ನೇ. ಬಿಗಿದು, ಒಂದು ಕೂದಲೆಳೆ ಹಿಂದಕ್ಕೆ ಬಿಡುತ್ತೇನೆ. ನನ್ನ ಪ್ಯಾಂಟುಗಳ ಹೊಲಿಗೆ ಬಿಟ್ಟುಕೊಂಡ ದೂರು ಇದುವರೆಗೆ ಬಂದಿಲ್ಲ.

ಹೊಸ ಬೇರಿಂಗ್ ಕೊಟ್ಟ ಅಂಗಡಿಯವನು ನನ್ನ ಊರು ಯಾವುದೆಂದು ಕೇಳಿದ. ಸಿರುಗುಪ್ಪ ಎಂದೆ. ಅವನು ಪೊಟ್ಟಣ ಕೊಡದೆ ಕೈಯಲ್ಲೇ ಹಿಡಿದುಕೊಂಡು, ಕೊನೆಯ ನಟ್ಟನ್ನು ಪೂರ್ತಿ ಬಿಗಿಯಬೇಕೆಂದೂ ಟ್ರಾಲಿಯ ಹಾಗೆ ಹಿಂದಕ್ಕೆ ಬಿಡಬಾರದೆಂದೂ ಹೇಳಿದ. ಆ ಕಡೆಯಿಂದ ಬಂದವರೆಲ್ಲ ಅದೊಂದು ತಪ್ಪು ಮಾಡುತ್ತಾರಂತೆ, ಹೊಸ ಬೇರಿಂಗು ತಿಂಗಳೊಳಗೆ ಸತ್ತು ಬರುತ್ತದಂತೆ. ಬಿಗಿತ ಅಳೆಯುವ ಉದ್ದ ಹಿಡಿಕೆಯ ಪಾನಾ ಒಂದನ್ನು ಕೈಗಡ ಕೊಟ್ಟ. ಬೇಕಾದಷ್ಟು ಬಿಗಿಯಾದ ಕೂಡಲೇ ಅದು ಟಕ್ ಎನ್ನುತ್ತದೆ. ನಾನು ಅದನ್ನು ಮನೆಗೆ ತಂದು ನನ್ನ ಬಟ್ಟೆಯ ಚೀಲದ ತಳಕ್ಕೆ ಸೇರಿಸಿದೆ. ಈ ಮಾತನ್ನು ಅಪ್ಪನಿಗೆ ಹೇಗೆ ಹೇಳುವುದೆಂದು ಆಗ ಯೋಚಿಸಲಿಲ್ಲ. ನನ್ನ ಮೇಲೆ ನನಗೆ ಸ್ವಲ್ಪ ಹೆಚ್ಚೇ ಭರವಸೆ, ಆ ಹೊತ್ತಿಗೆ ಏನೋ ಹೊಳೆಯುತ್ತದೆ ಎಂದುಕೊಂಡೆ.

ಭಾನುವಾರ ಅಪ್ಪ ಮೊದಲ ಬಸ್ಸಿಗೇ ಬಂದ. ಹೆಗಲಲ್ಲಿ ಅವನ ಹಳೆಯ ಕ್ಯಾನ್ವಾಸ್ ಚೀಲ, ಅದರೊಳಗೆ ಪಾನಾಗಳು, ಸುತ್ತಿಗೆ, ದಪ್ಪ ವಾಷರುಗಳು, ಒಂದು ಉದ್ದನೆಯ ಬೋಲ್ಟು, ಪೈಪಿನ ತುಂಡುಗಳು. ಅಣ್ಣನಿಗೆ ಏನು ಹೇಳಿ ಬಂದೆ ಎಂದರೆ, ಮಗಳ ಮನೆಗೆ ಊಟಕ್ಕೆ ಹೋಗುತ್ತೇನೆ ಎಂದಿದ್ದನಂತೆ. ನಮ್ಮವರು ರೂಪನಗುಡಿಯಲ್ಲಿ ಒಂದು ಗೃಹಪ್ರವೇಶಕ್ಕೆ ಹೊರಟಿದ್ದರು. ಇಸ್ತ್ರಿ ಮಾಡಿದ ಅಂಗಿ ಚೀಲಕ್ಕೆ ತಾಗದಂತೆ ದೂರದಿಂದಲೇ ಮಾವನಿಗೆ ನಮಸ್ಕಾರ ಮಾಡಿ ಬೈಕು ಹತ್ತಿದರು. ಮನೆಯಲ್ಲಿ ನಾನು, ಅಪ್ಪ, ಅಂಗಳದಲ್ಲಿ ಕಾರು.

ದೊಡ್ಡ ನಟ್ಟು ಬಿಚ್ಚಲು ನಾನು ಪೈಪು ಸಿಕ್ಕಿಸಿದ ಪಾನಾದ ಮೇಲೆ ಎರಡೂ ಕಾಲಿಟ್ಟು ಕುಣಿಯಬೇಕಾಯಿತು. ಅಪ್ಪ ತೆಲುಗಿನಲ್ಲಿ ನಾಲ್ಕು ಮಾತು ಹೇಳಿದ. ನಟ್ಟು ಕಿರ್ರೆಂದು ಬಿಟ್ಟುಕೊಂಡಿತು. ಆಮೇಲೆ ಜಾಕ್ ಹಚ್ಚಿ ಚಕ್ರ ತೆಗೆದು, ಬ್ರೇಕಿನ ಭಾಗವನ್ನು ಬಿಚ್ಚಿ ತಂತಿಯಿಂದ ನೇತುಹಾಕಿ, ಬೇರಿಂಗ್ ಕೂರುವ ಎರಕದ ಗೂಡನ್ನೇ ಹೊರಗೆ ತೆಗೆದೆವು. ಅಪ್ಪ ಮಣೆಯ ಮೇಲೆ ಕೂತು ಎಡಗೈಯಿಂದ ತೋರಿಸುತ್ತಿದ್ದ. ನಾನು ಹೊಡೆಯುತ್ತಿದ್ದೆ. ಎಲ್ಲಿ ನೋಡಿ ಹೊಡೆಯುತ್ತಿದ್ದೀಯಾ, ಸುತ್ತಿಗೆ ಹಿಡಿಯುವುದನ್ನು ಯಾರು ಕಲಿಸಿದರು, ನಿನ್ನ ಪ್ಯಾಂಟುಗಳಿಗೂ ಹೀಗೇ ಗುಂಡಿ ಹಚ್ಚುತ್ತೀಯಾ ಎಂದು ಒಂದೇ ಸಮನೆ ಬೈದ. ಬೆವರು ಇಳಿಯುತ್ತಿತ್ತು, ಮೊಣಕೈವರೆಗೆ ಗ್ರೀಸು. ಇಷ್ಟು ಸುಖವಾದ ಬೆಳಗು ನನಗೆ ಎಷ್ಟೋ ವರ್ಷಗಳಿಂದ ಸಿಕ್ಕಿರಲಿಲ್ಲ.

ಹಳೆಯ ಬೇರಿಂಗ್ ಎರಡು ಹೋಳಾಗಿ ಹೊರಬಂತು. ಒಳಗಿನ ಬಳೆಗಳಲ್ಲಿ ಒಂದು ಅಲ್ಲಿ ಉಳಿಯಿತು, ಒಂದು ಇಲ್ಲಿ. ಗುಂಡುಗಳು ಓಡುವ ದಾರಿಯಲ್ಲಿ ಸಿಡುಬಿನ ಕಲೆಗಳಂತೆ ಗುಳಿ ಬಿದ್ದಿದ್ದವು. ಕೂಡಿಸಿದರೆ ಮತ್ತೆ ಒಂದಾಗುವ ಆ ಹೋಳುಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ತೆಗೆದಿಟ್ಟೆ. ಹೊಸದನ್ನು ನಾನು ಹಿಂದಿನ ಸಂಜೆಯಿಂದಲೇ ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿಟ್ಟಿದ್ದೆ, ತಣ್ಣಗಾಗಿ ಕೂದಲೆಳೆಯಷ್ಟು ಕುಗ್ಗಲಿ ಎಂದು. ಗೂಡು ಬಿಸಿಯಾಗಿ ಹಿಗ್ಗಬೇಕು. ಬೇರೆ ಊರಿನವರು ಅದಕ್ಕೆ ಬೆಂಕಿ ತೋರಿಸುತ್ತಾರೆ. ಬಳ್ಳಾರಿಯಲ್ಲಿ ಅಂಗಳದ ಬಂಡೆಯ ಮೇಲಿಟ್ಟು ಒಳಗೆ ಹೋಗಿ ಮಜ್ಜಿಗೆ ಕುಡಿದು ಬಂದರೆ ಸಾಕು. ಬಟ್ಟೆ ಸುತ್ತಿಕೊಂಡು ಹಿಡಿಯುವಷ್ಟು ಕಾದಿತ್ತು. ಉದ್ದನೆಯ ಬೋಲ್ಟು ತೂರಿಸಿ ಎರಡೂ ಕಡೆ ವಾಷರು ಹಾಕಿ ಬಿಗಿಯುತ್ತ ಹೋದರೆ ಬೇರಿಂಗ್ ಗೂಡಿನೊಳಗೆ ತಾನಾಗಿ ಇಳಿಯಿತು. ಹೊರಗಿನ ಬಳೆಯ ಮೇಲೆಯೇ ಒತ್ತಡ ಬೀಳಬೇಕು, ಒಳಗಿನದರ ಮೇಲೆ ಬಿದ್ದರೆ ಹೊಸದೂ ಅಲ್ಲೇ ಕೆಡುತ್ತದೆ. ಅದಕ್ಕೆ ಸರಿಹೊಂದುವ ಪೈಪಿನ ತುಂಡನ್ನು ಅಪ್ಪ ಊರಿನಿಂದಲೇ ಹುಡುಕಿ ತಂದಿದ್ದ. ಕೊನೆಗೆ ಅದು ತಳ ಮುಟ್ಟಿದಾಗ ಬೋಲ್ಟಿನ ಸದ್ದು ಬದಲಾಯಿತು. ಅಪ್ಪ ಕೈ ಎತ್ತಿದ, ನಾನು ನಿಲ್ಲಿಸಿದೆ.

ಎಲ್ಲವನ್ನೂ ಹಿಂದಕ್ಕೆ ಜೋಡಿಸಿ ದೊಡ್ಡ ನಟ್ಟು ಕೈಯಿಂದ ತಿರುವಿದ ಮೇಲೆ ನಾನು ನನ್ನ ಚೀಲದ ತಳದಿಂದ ಉದ್ದ ಹಿಡಿಕೆಯ ಪಾನಾ ತೆಗೆದೆ. ಅದೇನು ಅಂದ. ಹೇಳಿದೆ.

"ಅದೇನೂ ಬ್ಯಾಡ," ಅಂದ ಅಪ್ಪ. "ಬಿಗಿ ಮಾಡು, ಕಾಲು ಸುತ್ತು ಹಿಂದಕ್ಕ ಬಿಡು. ಮುಗೀತು."

ಏನೋ ಹೊಳೆಯುತ್ತದೆ ಎಂದುಕೊಂಡಿದ್ದ ಹೊತ್ತು ಬಂದಿತ್ತು. ಏನೂ ಹೊಳೆಯಲಿಲ್ಲ. ಒಂದು ಸುಲಭದ ದಾರಿ ಮಾತ್ರ ಎದುರಿಗಿತ್ತು. ಅಪ್ಪ ಹೇಳಿದಂತೆ ಹಿಂದಕ್ಕೆ ಬಿಟ್ಟು, ಊಟ ಬಡಿಸಿ, ಬಸ್ಸು ಹತ್ತಿಸಿ, ಬಂದ ಮೇಲೆ ಅವನಿಗೆ ತಿಳಿಯದಂತೆ ಪೂರ್ತಿ ಬಿಗಿದುಬಿಡುವುದು. ಯಾರಿಗೂ ನೋವಿಲ್ಲ. ಆದರೆ ಅಣ್ಣ ಮಾಡುವುದೂ ಅದನ್ನೇ. ಉಸ್ತಾದನ ಎದುರಾದರೆ ವಾದ ಹಾಕುತ್ತಾರೆ, ಹೂಂ ಹೂಂ ಎಂದು ತಲೆ ಸವರುವುದು ಮಕ್ಕಳಿಗೆ. ಅಪ್ಪನನ್ನು ಬೆಳಗಿನಿಂದ ಉಸ್ತಾದ್ ಮಾಡಿ, ಈಗ ಕೊನೆಯ ನಟ್ಟಿನಲ್ಲಿ ಕೂಸು ಮಾಡುವುದು ನನ್ನಿಂದ ಆಗಲಿಲ್ಲ.

"ಇದು ಟ್ರಾಲಿ ಅಲ್ಲಪ್ಪಾ," ಅಂದೆ. "ಇದರಾಗ ಹಿಂದಕ್ಕ ಬಿಡಂಗಿಲ್ಲ. ಬಿಟ್ರ ಬೇರಿಂಗ್ ಉಳಿಯಂಗಿಲ್ಲ."

"ಯಾರು ಹೇಳಿದ್ರು?"

"ಅಂಗಡ್ಯಾಗ ಹೇಳಿದ್ರು. ನೀ ಹೇಳಿದ್ದು ತಪ್ಪು ಐತಿ, ಇದೊಂದಕ್ಕ."

ಅಪ್ಪ ನನ್ನ ಮುಖ ನೋಡಿದ. ನಾನು ಕಣ್ಣು ಕೆಳಗಿಳಿಸಲಿಲ್ಲ, ಇಳಿಸಿದ್ದರೆ ಕರುಣೆ ತೋರಿಸಿದಂತಾಗುತ್ತಿತ್ತು.

"ಹಂಗಾದ್ರ ನನ್ನ ಯಾಕ ಕರಸಿದಿ?" ಅಂದ. "ಮಣಿ ಮ್ಯಾಲೆ ಕುಂದ್ರಾಕೇನು? ಕುಂದ್ರಾಕ ನನಗ ಊರಾಗೇ ಕುರ್ಚಿ ಐತಿ."

ಎದ್ದು ನಲ್ಲಿಯ ಹತ್ತಿರ ಹೋಗಿ ಸೋಪಿನ ಪುಡಿ ಹಾಕಿ ಕೈ ತಿಕ್ಕಿ ತೊಳೆದ. ಕೆಲಸ ಮುಗಿಯುವ ಮೊದಲು ಅಪ್ಪ ಕೈ ತೊಳೆದದ್ದನ್ನು ನಾನು ಎಂದೂ ನೋಡಿರಲಿಲ್ಲ. ಒಳಗೆ ಹೋದ. ನಾನು ಕಾರಿನ ಪಕ್ಕ ಬಿಸಿಲಲ್ಲೇ ಕೂತೆ. ಹೇಳಬಾರದಿತ್ತೇನೋ ಅನ್ನಿಸಿತು, ಅಳು ಬಂತು, ಗ್ರೀಸಿನ ಕೈಯಿಂದ ಕಣ್ಣೊರೆಸಿಕೊಳ್ಳುವ ಹಾಗೂ ಇರಲಿಲ್ಲ. ನಾನು ಕರೆಸಿದ್ದು ಅವನ ಮಾತು ಮರಳಿ ಬರಲೆಂದು, ಈಗ ನಾನೇ ಅದನ್ನು ಕಸಿದುಕೊಂಡಂತೆ ಆಗಿತ್ತು. ಹಾಗಂತ ಎದ್ದು ಹೋಗಿ ನೀನು ಹೇಳಿದ್ದೇ ಸರಿ ಎನ್ನಲು ಮನಸ್ಸು ಒಪ್ಪಲಿಲ್ಲ. ಈ ಹಟವೂ ಅವನೇ ಕೊಟ್ಟದ್ದು, ಬೇಕಾದರೆ ಅವನನ್ನೇ ಕೇಳಿ.

ಕೂತಿದ್ದರೆ ಕೆಲಸ ಮುಗಿಯುವುದಿಲ್ಲ. ಕಾರಿನ ಭಾರ ಹೊಸ ಬೇರಿಂಗಿನ ಮೇಲೆ ಬೀಳುವ ಮೊದಲೇ ಆ ನಟ್ಟು ಬಿಗಿಯಬೇಕು, ಅಂದರೆ ಕಾರು ಜಾಕಿನ ಮೇಲಿದ್ದಾಗಲೇ. ಬಿಗಿಯುವಾಗ ಅಚ್ಚು ತಿರುಗದಂತೆ ಯಾರಾದರೂ ಒಳಗೆ ಕೂತು ಬ್ರೇಕು ಒತ್ತಿ ಹಿಡಿಯಬೇಕು. ಒಬ್ಬಳಿಂದ ಆಗುವ ಕೆಲಸವಲ್ಲ. ಪಕ್ಕದ ಮನೆಯವರನ್ನು ಕರೆಯಬಹುದಿತ್ತು. ಕರೆಯಲಿಲ್ಲ, ಒಳಗೆ ಹೋದೆ.

ಅಪ್ಪ ಅಡುಗೆಮನೆಯ ಕಟ್ಟೆಗೆ ಒರಗಿ ನೆಲದ ಮೇಲೆ ಕೂತಿದ್ದ. ತೊಡೆಯ ಮೇಲೆ ಹಳೆಯ ಬೇರಿಂಗಿನ ಹೋಳುಗಳು. ತೊಳೆದ ಕೈ ಮತ್ತೆ ಕಪ್ಪಾಗಿತ್ತು. ಒಳಗಿನ ಎರಡು ಬಳೆಗಳನ್ನು ಮುಖಕ್ಕೆ ಮುಖ ಕೂಡಿಸುತ್ತಿದ್ದ, ಬಿಡಿಸುತ್ತಿದ್ದ, ಬೆಳಕಿಗೆ ಹಿಡಿದು ನೋಡುತ್ತಿದ್ದ. ನಾನು ಬಾಗಿಲಲ್ಲೇ ನಿಂತೆ. ನನಗೆ ಹೇಳುತ್ತಿದ್ದಾನೋ ಬೇರಿಂಗಿಗೆ ಹೇಳುತ್ತಿದ್ದಾನೋ ತಿಳಿಯದಂತೆ ಮಾತಾಡಿದ.

"ಇವೆರಡೂ ಒಂದಕ್ಕೊಂದು ಕಚ್ಚಿ ಕುಂದ್ರಬೇಕು. ಕುಂತ್ರೂ ಗುಂಡು ಆಡಾಕ ಜಾಗ ಉಳೀತೈತಿ. ನಾವು ನಟ್ಟಿನಾಗ ಬಿಡೋದನ್ನ ಇವರು ಕಾರ್ಖಾನ್ಯಾಗೇ ಬಿಟ್ಟು ಕಳಿಸ್ಯಾರ."

ಅಂಗಡಿಯವನು ನನಗೆ ಬಿಗಿಯಬೇಕು ಎಂದಷ್ಟೇ ಹೇಳಿದ್ದ, ಯಾಕೆ ಎಂದು ಹೇಳಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅಪ್ಪನ ಮುಖದಲ್ಲಿ ಸೋತ ಕಳೆ ಇರಲಿಲ್ಲ, ಹೊಸ ಟ್ರ್ಯಾಕ್ಟರು ಶೆಡ್ಡಿಗೆ ಬಂದಾಗ ಇರುತ್ತಿದ್ದ ಕಳೆ ಇತ್ತು. ಬ್ರೇಕು ಒತ್ತಲು ಒಬ್ಬರು ಬೇಕು ಎಂದೆ. ಎದ್ದು ಬಂದು ಡ್ರೈವರ್ ಸೀಟಿನಲ್ಲಿ ಕೂತ. ಕಾಲಿಗೆ ಏನಾಗಿದೆ ಅವನಿಗೆ? ನಾಲ್ಕು ಸಲ ತುಳಿದು ಪೆಡಲು ಗಟ್ಟಿಯಾದ ಮೇಲೆ ಒತ್ತಿ ಹಿಡಿದ.

ಸಣ್ಣವಳಿದ್ದಾಗ ಟ್ರ್ಯಾಕ್ಟರಿನ ಸೀಟಿನ ತುದಿಗೆ ಕೂತು ಎರಡೂ ಪಾದಗಳಿಂದ ಬ್ರೇಕು ಒತ್ತಿ ಹಿಡಿಯುವ ಕೆಲಸ ನನ್ನದಾಗಿತ್ತು. ಕೆಳಗಿನಿಂದ ಅಪ್ಪ ಬಿಡಬ್ಯಾಡ, ಬಿಡಬ್ಯಾಡ ಎನ್ನುತ್ತಿದ್ದ, ನಾನು ಉಸಿರು ಕೂಡ ಬಿಡದೆ ಹಿಡಿಯುತ್ತಿದ್ದೆ. ಈಗ ನಾನು ಕೆಳಗೆ, ಅವನು ಮೇಲೆ. ಉದ್ದ ಹಿಡಿಕೆಯ ಮೇಲೆ ಮೈಭಾರವೆಲ್ಲ ಹಾಕಿದೆ. ಬಿಡಬ್ಯಾಡಪ್ಪಾ ಎಂದೆ. ಹಿಡಿದೀನಿ ಎಂದ. ಇನ್ನು ಆಗುವುದಿಲ್ಲ ಅನ್ನಿಸಿ ಕೈ ಸಡಿಲಿಸಿದೆ. ಒಳಗಿನಿಂದ ಅಪ್ಪನ ದನಿ ಬಂತು.

"ಸದ್ದು ಬಂದಿಲ್ಲ. ಇನ್ನೂ ಬಿಗಿ."

ಮತ್ತೆ ಒತ್ತಿದೆ. ಟಕ್ ಎಂದಿತು. ಹಿಂದಕ್ಕೆ ಬಿಡಲಿಲ್ಲ. ನಟ್ಟು ತಾನಾಗಿ ಬಿಚ್ಚಿಕೊಳ್ಳದಂತೆ ಅದರ ಅಂಚನ್ನು ಉಳಿಯಿಂದ ತಗ್ಗಿಸಿ, ಚಕ್ರ ಹಾಕಿ, ಜಾಕ್ ಇಳಿಸಿದೆ.

ಇನ್ನು ಕೆಳಗಿಳಿ, ಊಟ ಮಾಡೋಣ ಎಂದರೆ ಅಪ್ಪ ಇಳಿಯಲಿಲ್ಲ. ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಟ್ರಾಲಿಯ ಚಕ್ರ ಕೂಡಿಸಿದ ಮೇಲೆ ಮೊದಲ ಸಲ ಓಡಿಸಿ ನೋಡುವಾಗ ಕೊನೆಯ ನಟ್ಟು ಬಿಗಿದವನು ಆ ಚಕ್ರದ ಮೇಲೆಯೇ ಕೂಡಬೇಕು. ಬಿಗಿದವನು 'ಎಲ್ಲಾ ಸರಿ ಐತ್ರಿ' ಎಂದು ಕೈ ಒರೆಸಿಕೊಂಡು ದೂರ ನಿಲ್ಲುವಂತಿಲ್ಲ. ಅಪ್ಪ ತಾನೇ ಎಷ್ಟೋ ಸಲ ಹಾಗೆ ಟ್ರಾಲಿಯ ಮೂಲೆಯಲ್ಲಿ ಕೂತು ಕಾಲುವೆ ಏರಿಯ ಮೇಲೆ ಕುಲುಕಾಡುತ್ತ ಹೋಗಿದ್ದಾನೆ. ರೈತರು ಅವನನ್ನು ನಂಬುತ್ತಿದ್ದುದು ಅದಕ್ಕೇ.

"ಬಿಗಿದಾಕಿ ನೀನು," ಅಂದ ಅಪ್ಪ. "ಆ ಕಡಿ ಕುಂದ್ರು. ಕೀಲಿ ಕೊಡು, ನಾ ಹೊಡೀತೀನಿ."

ಮಣಿಕಟ್ಟು ಮುರಿದ ಮೇಲೆ ಅವನ ಕೈಗೆ ಯಾರೂ ಯಾವ ವಾಹನದ ಕೀಲಿಯನ್ನೂ ಕೊಟ್ಟಿರಲಿಲ್ಲ. ನಾನು ಸ್ಟೀರಿಂಗ್ ಮೇಲಿನ ಆ ಬಲಗೈ ನೋಡಿದೆ. ಬೆರಳು ಬಿಗಿಯಾಗಿ ಮುಚ್ಚಿಕೊಂಡಿರಲಿಲ್ಲ, ಅಂಗೈ ಮಾತ್ರ ಗಟ್ಟಿಯಾಗಿ ಒತ್ತಿಕೊಂಡಿತ್ತು. ಎಡಗೈ ಆಗಲೇ ಗೇರಿನ ಮೇಲಿತ್ತು. ನನ್ನ ಕಾರಿನ ಸ್ಟೀರಿಂಗ್ ತಿರುಗಿಸಲು ಬಲ ಬೇಕಿಲ್ಲ. ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಕೊಟ್ಟೆ. ಮನೆಯ ಬಾಗಿಲು ಎಳೆದು ಚಿಲಕ ಹಾಕಿ, ಬರಿಗಾಲಲ್ಲೇ ಬಂದು ಎಡಗಡೆ ಕೂತೆ.

ಓಣಿಯಲ್ಲಿ ನಿಧಾನವಾಗಿ ಒಂದು ಸುತ್ತು ಹಾಕಿದ. ತಿರುವಿನ ಗ್ಯಾರೇಜಿನ ಮುಂದೆ ಬೇಕೆಂದೇ ಇನ್ನೂ ನಿಧಾನ ಮಾಡಿದ ಎಂದು ನನ್ನ ಗುಮಾನಿ. ಆಮೇಲೆ ದೊಡ್ಡ ರಸ್ತೆಗೆ ಬಂದು ವೇಗ ಹೆಚ್ಚಿಸಿದ. ಹೂಂಕಾರ ಇಲ್ಲ. ಖಾಲಿ ಜಾಗ ನೋಡಿ ಕಾರನ್ನು ಬಲಕ್ಕೆ ತಿರುಗಿಸಿದ, ಭಾರವೆಲ್ಲ ನನ್ನ ಕಡೆಯ ಚಕ್ರಕ್ಕೆ ಬಂತು. ಆಗಲೂ ಇಲ್ಲ. ಟೈರು ರಸ್ತೆಗೆ ಉಜ್ಜುವ ಸದ್ದು ಬಿಟ್ಟರೆ ಕೇಳಲು ಏನೂ ಇರಲಿಲ್ಲ. ಅಪ್ಪನ ಬಾಯಿ ಬಿಚ್ಚಿಕೊಂಡಿತು. ಕಾರು ಮಾಡುವವರು ಬುದ್ಧಿವಂತರೇ, ಆದರೆ ರಿಪೇರಿ ಮಾಡುವವನ ಕೈ ಎಲ್ಲಿ ಹೋಗಬೇಕೆಂದು ಯೋಚಿಸುವುದಿಲ್ಲ ಎಂದ. ನನ್ನ ಸುತ್ತಿಗೆ ಏಟು ಇನ್ನೂ ಹೆಣ್ಣುಮಕ್ಕಳ ಏಟೇ ಎಂದ. ಹೆಣ್ಣುಮಕ್ಕಳ ಏಟಿಗೇ ನಿನ್ನ ಬೇರಿಂಗ್ ಹೊರಗೆ ಬಂದದ್ದು ಎಂದೆ. ಅಣ್ಣ ಟ್ರ್ಯಾಕ್ಟರಿಗೆ ಹಾಕುವ ಆಯಿಲು ಸರಿಯಿಲ್ಲ ಎಂದ. ಊರ ಹೊರಗಿನ ಪೆಟ್ರೋಲ್ ಬಂಕ್ ಬಂತು, ಓಡಿಸಿ ನೋಡಿದ್ದು ಸಾಕು, ಅಲ್ಲಿ ತಿರುಗಿಸು ಎಂದೆ. ಕಾರು ಬಂಕ್ ದಾಟಿ ಮುಂದೆ ಹೋಯಿತು.

"ತಿರುಗ್ಸೋದ್ಯಾಕ?" ಅಂದ ಅಪ್ಪ, ರಸ್ತೆಯ ಮೇಲಿಂದ ಕಣ್ಣು ತೆಗೆಯದೆ. "ಸಿರುಗುಪ್ಪಕ್ಕ ಹೋಗೂನು. ಶೆಡ್ಡಿನ ಮುಂದ ನಿಮ್ಮಣ್ಣ ನಿಂತಿರ್ತಾನ. ನೋಡ್ಲಿ."

ಕುರುಗೋಡಿಗೆ ಒಯ್ಯಬೇಕಾದ ಗಂಟುಗಳು ಹಿಂದಿನ ಸೀಟಿನಲ್ಲಿ ಹಾಗೇ ಕೂತಿದ್ದವು. ಒಲೆಯ ಮೇಲೆ ಸಾರು ಇತ್ತು, ಊಟ ಆಗಿರಲಿಲ್ಲ, ಕಾಲಲ್ಲಿ ಚಪ್ಪಲಿ ಇರಲಿಲ್ಲ. ನಾನು ಗ್ರೀಸಿನ ಕೈಯಿಂದಲೇ ಫೋನು ತೆಗೆದು ಅಣ್ಣನಿಗೆ, ನಾವು ಬರುವವರೆಗೆ ಶೆಡ್ಡು ಬಿಟ್ಟು ಎಲ್ಲಿಗೂ ಹೋಗಬೇಡ ಎಂದು ಮಾತ್ರ ಹೇಳಿದೆ.